ಹೊಲಿಗೆ ಬಿಟ್ಟ ಗಾಯಕ್ಕೆ ನಾಯಿಯದ್ದೇ ರಕ್ತ ಹಚ್ಚಿದರೆ ಮಾಯುತ್ತಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟಕ್ಕೆ ನುಗ್ಗಿದ ಕಾಡುಹಂದಿ ನಮ್ಮ ನಾಯಿ ಕರಿಯನ ತೊಡೆ ಸೀಳಿತು. ಅದೇ ದಿನ ಹೊಲಿಗೆ ಹಾಕಿಸಿದೆವು. ಐದಾರು ದಿನಕ್ಕೆ ಹೊಲಿಗೆ ಬಿಟ್ಟುಕೊಂಡಿತು. ಈಗ ಮೂರು ವಾರ ಆಯಿತು, ಅಂಗೈ ಅಗಲದ ಗಾಯ ಹಾಗೇ ಇದೆ. ಫೋಟೋ ಕಳಿಸಿದ್ದೇನೆ. ಕರಿಯನಿಗೆ ಆರು ವರ್ಷ, ಸುಮಾರು 20 ಕೆ.ಜಿ. ತೂಕ. ಬೆಂಗಳೂರಿನಲ್ಲಿರುವ ನಮ್ಮ ಭಾವ, "ಈಗ ನಾಯಿಯದ್ದೇ ರಕ್ತ ತೆಗೆದು, ಮಿಷನ್‌ನಲ್ಲಿ ತಿರುಗಿಸಿ ಗಾಯಕ್ಕೆ ಹಾಕುತ್ತಾರೆ, ಬೇಗ ಮಾಯುತ್ತದೆ" ಅಂತಾರೆ. ಇದು ನಿಜವಾ? ನಮ್ಮೂರಲ್ಲೇ ರಕ್ತ ತೆಗೆಸಿ ಹಚ್ಚಬಹುದಾ? ಇನ್ನೊಂದು ವಿಷಯ. ನಮ್ಮ ಮಲೆನಾಡು ಗಿಡ್ಡ ಹಸುವಿನ ಒಂದು ಕೊಂಬು ಅಲ್ಲಾಡುತ್ತಿತ್ತು, ತೆಗೆಸಿದೆವು. ಎರಡು ತಿಂಗಳಾದರೂ ಆ ಜಾಗ ಒಣಗಿಲ್ಲ. ಅದಕ್ಕೂ ಇದನ್ನು ಮಾಡಿಸಬಹುದಾ?

ಉತ್ತರ: ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಅದಕ್ಕೆ ಪಿಆರ್‌ಪಿ ಅನ್ನುತ್ತಾರೆ. ಪ್ಲೇಟ್‌ಲೆಟ್‌ಗಳನ್ನು ಒಟ್ಟುಮಾಡಿದ ಪ್ಲಾಸ್ಮಾ ಅಂತ ಅರ್ಥ. ಮನುಷ್ಯರಿಗೆ ಕೂದಲು ಉದುರುವುದಕ್ಕೆ, ಮಂಡಿ ನೋವಿಗೆ ಮಾಡುತ್ತಾರಲ್ಲ, ಅದೇ. ಕುದುರೆಗಳಿಗೂ ನಾಯಿಗಳಿಗೂ ಬಹಳ ಕಾಲದಿಂದ ಮಾಡುತ್ತಿದ್ದಾರೆ. ಆದರೆ ಫೋಟೋ ನೋಡಿದ ಮೇಲೆ, ಕರಿಯನಿಗೆ ಮೊದಲು ಬೇಕಿರುವುದು ಪಿಆರ್‌ಪಿ ಅಲ್ಲ ಅನ್ನಿಸಿತು. ಹೊಲಿಗೆ ಯಾಕೆ ಬಿಟ್ಟಿತು ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಾಗದೆ ಗಾಯಕ್ಕೆ ಏನು ಸುರಿದರೂ ದುಡ್ಡು ದಂಡ.

ಹಂದಿ ಕೋರೆಯ ಗಾಯಕ್ಕೆ ಒಂದು ಕೆಟ್ಟ ಗುಣ ಇದೆ. ಹೊರಗೆ ಕಾಣುವ ಸೀಳು ಚಿಕ್ಕದು, ಒಳಗಿನ ಹಾನಿ ದೊಡ್ಡದು. ಹಂದಿ ಕೋರೆ ಚುಚ್ಚಿ ಮೇಲಕ್ಕೆ ಎತ್ತುತ್ತದೆ. ಆಗ ಚರ್ಮ ಮಾಂಸದಿಂದ ಬಿಟ್ಟುಕೊಂಡು ಒಳಗೆ ಒಂದು ಚೀಲ ಆಗುತ್ತದೆ. ಗಾಯದ ಅಂಚಿನಿಂದ ಚರ್ಮದ ಕೆಳಗೆ ಕಡ್ಡಿ ತೂರಿಸಿದರೆ ನಾಲ್ಕೈದು ಇಂಚು ಸಲೀಸಾಗಿ ಹೋಗಿಬಿಡುತ್ತದೆ. ಆ ಚೀಲದಲ್ಲಿ ಕೂದಲು, ಮಣ್ಣು, ತರಗೆಲೆ ಚೂರು ಎಲ್ಲ ಇರುತ್ತದೆ. ಮೇಲಿನ ಸೀಳನ್ನು ಮಾತ್ರ ಬಿಗಿಯಾಗಿ ಹೊಲಿದರೆ ಒಳಗೆ ನೀರು, ರಕ್ತ ತುಂಬಿಕೊಳ್ಳುತ್ತದೆ. ಐದಾರು ದಿನಕ್ಕೆ ಹೊಲಿಗೆ ಕಿತ್ತುಕೊಂಡು ಬರುತ್ತದೆ. ನೀವು ಹೇಳಿದ ದಿನದ ಲೆಕ್ಕವೂ ಇದಕ್ಕೆ ಸರಿ ಹೊಂದುತ್ತದೆ. ಅದರ ಮೇಲೆ ತೊಡೆ ಬೇರೆ. ನಾಯಿ ಎದ್ದಾಗ, ಕೂತಾಗ ಆ ಚರ್ಮ ಎಳೆದು ಬಿಡುತ್ತಲೇ ಇರುತ್ತದೆ. ಕರಿಯ ನೆಕ್ಕುವುದನ್ನು ಬಿಟ್ಟಿರಲಿಕ್ಕೂ ಇಲ್ಲ, ಅಲ್ವಾ?

ಫೋಟೋದಲ್ಲಿ ಇನ್ನೊಂದು ಕಂಡಿತು. ಮಾಯುತ್ತಿರುವ ಗಾಯದ ತಳ ಕೆಂಪಗೆ, ಸಣ್ಣ ಸಣ್ಣ ಹರಳು ಹರಳಾಗಿ ಇರುತ್ತದೆ. ಬಟ್ಟೆ ತಾಗಿದರೆ ಸಾಕು, ರಕ್ತ ಜಿನುಗುತ್ತದೆ. ಅಂಚಿನಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಒಳಕ್ಕೆ ಬರುತ್ತಿರುತ್ತದೆ. ನಾಯಿಯಲ್ಲಿ ಗಾಯದ ಅಂಚು ಒಂದು ದಿನಕ್ಕೆ ಒಳಕ್ಕೆ ಸರಿಯುವುದು 1 ಮಿ.ಮೀ.ಗಿಂತ ಕಡಿಮೆ, ಹಾಗಾಗಿ ದಿನಾ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆದರೆ ತಿಳಿಯುತ್ತದೆ. ಕರಿಯನ ಗಾಯದ ತಳ ಮಂಕಾಗಿದೆ, ಅಂಚು ದಪ್ಪಗಾಗಿ ಒಳಕ್ಕೆ ಸುರುಳಿ ಸುತ್ತಿಕೊಂಡಿದೆ. ಅಂದರೆ ಗಾಯ ಮಾಯುವುದನ್ನೇ ನಿಲ್ಲಿಸಿ ಕೂತಿದೆ.

ಇಂಥ ಗಾಯಕ್ಕೆ ಮೊದಲ ಕೆಲಸ ಚಾಕುವಿನದ್ದು. ಅರಿವಳಿಕೆ ಕೊಟ್ಟು, ಸತ್ತ ಮಾಂಸ ತೆಗೆದು, ಸುರುಳಿಯಾದ ಅಂಚನ್ನು ಕತ್ತರಿಸಿ, ಒಳಗಿನ ಚೀಲವನ್ನು ಪೂರ್ತಿ ಬಿಚ್ಚಿ ತೊಳೆಯಬೇಕು. ನೀರು ಹೊರಗೆ ಬರಲು ಕೆಳಭಾಗದಲ್ಲಿ ರಬ್ಬರ್ ಕೊಳವೆ ಇಡಬೇಕಾಗಬಹುದು. ಹೀಗೆ ಮಾಡಿದಾಗ ಹಳೆ ಗಾಯ ಮತ್ತೆ ಹೊಸ ಗಾಯದಂತೆ ಮಾಯಲು ಶುರುಮಾಡುತ್ತದೆ. ಎಷ್ಟೋ ನಾಯಿಗಳಿಗೆ ಇಷ್ಟೇ ಸಾಕಾಗುತ್ತದೆ.

ಈಗ ರಕ್ತದ ವಿಷಯಕ್ಕೆ ಬರೋಣ.

ಡೆಂಗ್ಯೂ ಪುಣ್ಯದಿಂದ ಪ್ಲೇಟ್‌ಲೆಟ್ ಅನ್ನುವ ಹೆಸರು ಎಲ್ಲರಿಗೂ ಗೊತ್ತು. ಅದರ ಕೆಲಸ ರಕ್ತ ಹೆಪ್ಪುಗಟ್ಟಿಸುವುದು ಅಂತಲೂ ಗೊತ್ತು. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಪ್ಲೇಟ್‌ಲೆಟ್‌ಗಳ ಒಳಗೆ ಸಣ್ಣ ಸಣ್ಣ ಪೊಟ್ಟಣಗಳಿವೆ. ಗಾಯವಾದ ಜಾಗಕ್ಕೆ ಬಂದು ಅಂಟಿಕೊಂಡ ಕೂಡಲೇ ಇವು ಒಡೆದು ಬೆಳವಣಿಗೆಯ ಪ್ರೋಟೀನ್‌ಗಳನ್ನು ಹೊರಗೆ ಬಿಡುತ್ತವೆ. ಪಿಡಿಜಿಎಫ್ ಅನ್ನುವುದು ಮಾಂಸ ಕಟ್ಟುವ ಜೀವಕೋಶಗಳನ್ನು ಗಾಯದ ಕಡೆಗೆ ಕರೆಯುತ್ತದೆ. ವಿಇಜಿಎಫ್ ಹೊಸ ರಕ್ತನಾಳ ಚಿಗುರಿಸುತ್ತದೆ. ಟಿಜಿಎಫ್-ಬೀಟಾ ನಾರಿನಂಥ ಕೊಲಾಜನ್ ಹಾಕಿಸುತ್ತದೆ. ಇದೆಲ್ಲ ಗಾಯವಾದ ಮೊದಲ ದಿನವೇ ತನ್ನಷ್ಟಕ್ಕೆ ನಡೆಯುತ್ತದೆ. ನಿಂತು ಹೋದ ಹಳೆ ಗಾಯದಲ್ಲಿ ಈ ಪ್ರೋಟೀನ್‌ಗಳು ಕಡಿಮೆ ಇರುತ್ತವೆ, ಇದ್ದದ್ದೂ ಬೇಗ ಹಾಳಾಗುತ್ತದೆ. ಅಲ್ಲಿಗೆ ಪ್ಲೇಟ್‌ಲೆಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ತಂದು ಹಾಕುವುದೇ ಪಿಆರ್‌ಪಿ. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಅನ್ನುವ ದವಡೆ ಶಸ್ತ್ರವೈದ್ಯರು ಮೂಳೆ ಕಸಿಯಲ್ಲಿ ಇದನ್ನು ಬಳಸಿ ಬರೆದ ಮೇಲೆ ಹೆಸರು ಬಂತು. ಪಶುವೈದ್ಯಕೀಯಕ್ಕೆ ಆಮೇಲೆ ಬಂತು.

ಮಾಡುವುದು ಹೀಗೆ. ಕುತ್ತಿಗೆಯ ನಾಳದಿಂದ ಒಂದೇ ಚುಚ್ಚಿಗೆ, ಅವಸರ ಮಾಡದೆ ರಕ್ತ ಎಳೆಯುತ್ತಾರೆ. ನಾಲ್ಕು ಕಡೆ ಚುಚ್ಚಿ ಪರದಾಡಿದರೆ ಪ್ಲೇಟ್‌ಲೆಟ್‌ಗಳು ಅಲ್ಲೇ ಗುಂಪುಗಟ್ಟಿ ಕೆಟ್ಟುಹೋಗುತ್ತವೆ. ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಮೊದಲೇ ಸಿಟ್ರೇಟ್ ಇರುತ್ತದೆ. ಮೊದಲು ನಿಧಾನಕ್ಕೆ ತಿರುಗಿಸುತ್ತಾರೆ. ಟ್ಯೂಬ್ ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಕೆಳಗೆ ಕಡುಗೆಂಪು, ಮೇಲೆ ತಿಳಿ ಹಳದಿ, ನಡುವೆ ಒಂದು ತೆಳು ಬಿಳಿ ಪದರ. ಹಳದಿ ಭಾಗವನ್ನು ಬಿಳಿ ಪದರದವರೆಗೆ ಎಳೆದುಕೊಂಡು ಇನ್ನೊಂದು ಟ್ಯೂಬಿಗೆ ಹಾಕಿ ಈ ಸಲ ಜೋರಾಗಿ ತಿರುಗಿಸುತ್ತಾರೆ. ಪ್ಲೇಟ್‌ಲೆಟ್‌ಗಳು ತಳಕ್ಕೆ ಕೂರುತ್ತವೆ. ಮೇಲಿನದನ್ನು ಬಹುಪಾಲು ತೆಗೆದು, ಉಳಿದದ್ದರಲ್ಲಿ ತಳದ್ದನ್ನು ಕಲಕಿದರೆ ಪಿಆರ್‌ಪಿ. 10 ಮಿ.ಲೀ. ರಕ್ತಕ್ಕೆ ಸಿಗುವುದು ಒಂದು, ಒಂದೂವರೆ ಮಿ.ಲೀ. ಅಷ್ಟೇ. ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದರೆ ಕೆಲವು ನಿಮಿಷದಲ್ಲಿ ಜೆಲ್ ಆಗುತ್ತದೆ. ಆ ಜೆಲ್ ಅನ್ನು ಗಾಯದ ತಳಕ್ಕೆ ಹಚ್ಚಿ ಡ್ರೆಸ್ಸಿಂಗ್ ಕಟ್ಟುತ್ತಾರೆ. ಕೆಲವರು ಅಂಚಿನ ಚರ್ಮಕ್ಕೆ ಸೂಜಿಯಿಂದಲೂ ಕೊಡುತ್ತಾರೆ.

ರಕ್ತ ಹೋಗುತ್ತದಲ್ಲ ಅಂತ ಹೆದರಬೇಡಿ. ನಾಯಿಯ ಮೈಯಲ್ಲಿ ಕೆ.ಜಿ.ಗೆ 80ರಿಂದ 90 ಮಿ.ಲೀ. ರಕ್ತ ಇರುತ್ತದೆ. ಕರಿಯನಲ್ಲಿ ಒಂದೂವರೆ ಲೀಟರಿಗೂ ಮೇಲೆ. ಅದರಲ್ಲಿ 20 ಮಿ.ಲೀ. ತೆಗೆದರೆ ಅವನಿಗೆ ಗೊತ್ತೂ ಆಗುವುದಿಲ್ಲ.

ಜೆಲ್ ಆದ ಹತ್ತು ನಿಮಿಷದಲ್ಲೇ ಪ್ಲೇಟ್‌ಲೆಟ್‌ಗಳು ತಮ್ಮಲ್ಲಿರುವ ಪ್ರೋಟೀನ್‌ಗಳಲ್ಲಿ ಹೆಚ್ಚಿನದನ್ನು ಹೊರಗೆ ಬಿಟ್ಟುಬಿಡುತ್ತವೆ, ಒಂದು ಗಂಟೆಯೊಳಗೆ ಬಹುತೇಕ ಎಲ್ಲವನ್ನೂ. ಹಾಗಾಗಿ ಶಿವಮೊಗ್ಗದಲ್ಲಿ ಮಾಡಿಸಿ, ಬಾಟಲಿಯಲ್ಲಿ ಹಾಕಿಸಿಕೊಂಡು ಬಸ್ಸಿನಲ್ಲಿ ಊರಿಗೆ ತಂದು ಹಚ್ಚುವ ವಸ್ತು ಇದಲ್ಲ. ನಾಯಿಯೇ ಅಲ್ಲಿಗೆ ಹೋಗಬೇಕು.

ಇದಕ್ಕಿಂತ ಸರಳವಾದ ಇನ್ನೊಂದು ಇದೆ, ಪಿಆರ್‌ಎಫ್ ಅಂತ. 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ತೋರಿಸಿದ್ದು. ಇದಕ್ಕೆ ಸಿಟ್ರೇಟ್ ಬೇಡ. ರಕ್ತ ಎಳೆದ ಕೂಡಲೇ ಗಾಜಿನ ಟ್ಯೂಬಿನಲ್ಲಿ ಒಂದೇ ಸಲ ತಿರುಗಿಸಿದರೆ ನಡುವೆ ಹಳದಿ ಗಡ್ಡೆ ಕಟ್ಟುತ್ತದೆ. ಚಿಮ್ಮಟದಿಂದ ಹಿಡಿದು ಎತ್ತಿ, ಕೆಳಗಿನ ಕೆಂಪು ಭಾಗ ಕತ್ತರಿಸಿ, ಎರಡು ಗಾಜ್ ಬಟ್ಟೆಯ ನಡುವೆ ಇಟ್ಟು ಮೆಲ್ಲಗೆ ಒತ್ತಿದರೆ ತೆಳು ಪೊರೆ ಆಗುತ್ತದೆ. ಅದನ್ನು ಗಾಯದ ಗುಂಡಿಯಲ್ಲಿ ತುಂಬಬಹುದು, ಹೊಲಿಗೆ ಹಾಕಿ ನಿಲ್ಲಿಸಲೂಬಹುದು. ಅದು ಒಂದು ವಾರದವರೆಗೂ ನಿಧಾನವಾಗಿ ಪ್ರೋಟೀನ್ ಬಿಡುತ್ತದೆ. ಗುಂಡಿ ಬಿದ್ದ ಗಾಯಗಳಿಗೆ ನನ್ನ ಆಯ್ಕೆ ಇದೇ. ಸಲಕರಣೆ ಕಡಿಮೆ, ಕೈ ತಪ್ಪುವ ಹಂತಗಳೂ ಕಡಿಮೆ. ಆದರೆ ರಕ್ತ ಎಳೆದು ಟ್ಯೂಬ್ ತಿರುಗಲು ಶುರುವಾಗುವ ನಡುವೆ ಒಂದೆರಡು ನಿಮಿಷಕ್ಕಿಂತ ತಡ ಮಾಡುವ ಹಾಗಿಲ್ಲ. ತಡವಾದರೆ ಬರೀ ಕೆಂಪು ಹೆಪ್ಪು ಸಿಗುತ್ತದೆ.

ನೀವು ಕೇಳಿದ "ಊರಲ್ಲೇ ರಕ್ತ ತೆಗೆಸಿ ಹಚ್ಚಬಹುದಾ" ಅನ್ನುವುದಕ್ಕೆ ಉತ್ತರ: ಬೇಡ. ತಿರುಗಿಸದೆ ಹಸಿ ರಕ್ತ ಹಚ್ಚಿದರೆ ಪ್ಲೇಟ್‌ಲೆಟ್ ಜಾಸ್ತಿಯೇನೂ ಆಗುವುದಿಲ್ಲ. ಕೆಂಪು ರಕ್ತಕಣಗಳು ಅಲ್ಲೇ ಕೊಳೆತು ಬ್ಯಾಕ್ಟೀರಿಯಾಕ್ಕೆ ಊಟ ಆಗುತ್ತವೆ. ವಾಸನೆಗೆ ನೊಣ ಬರುತ್ತದೆ. ಇನ್ನೊಂದು ನಾಯಿಯ ರಕ್ತವಂತೂ ಬೇಡವೇ ಬೇಡ. ರಕ್ತದ ಗುಂಪಿನ ತಕರಾರು ಒಂದು, ಆ ನಾಯಿಯ ರಕ್ತದಲ್ಲಿರುವ ರೋಗ ಇದಕ್ಕೆ ಅಂಟುವುದು ಇನ್ನೊಂದು.

ಆ ರೋಗದ ಮಾತು ಬಂತಲ್ಲ, ಮಲೆನಾಡಿನವರು ಸ್ವಲ್ಪ ನಿಲ್ಲಬೇಕಾದ ಜಾಗ ಇದು. ಬೆಂಗಳೂರಿನ ಫ್ಲಾಟಿನ ನಾಯಿಗೂ ತೋಟ, ಬೇಣ, ಕಾಡು ಸುತ್ತುವ ನಿಮ್ಮ ಕರಿಯನಿಗೂ ಒಂದು ದೊಡ್ಡ ವ್ಯತ್ಯಾಸ ಉಣುಗು. ಉಣುಗು ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲೇ ಅದು ಮೊದಲು ಪತ್ತೆಯಾದದ್ದು. ನಾಯಿಗಳ ವಿಷಯದಲ್ಲಿ ನನಗೆ ಚಿಂತೆ ಬೇರೆ. ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೂರುವ ಕಂದು ಉಣುಗು ಎರ್ಲಿಚಿಯಾ ಅನ್ನುವ ರೋಗಾಣು ತರುತ್ತದೆ. ಆ ರೋಗ ಮೊದಲು ಹೊಡೆಯುವುದೇ ಪ್ಲೇಟ್‌ಲೆಟ್‌ಗಳನ್ನು. ಆರೋಗ್ಯವಾದ ನಾಯಿಯಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 2ರಿಂದ 5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಎರ್ಲಿಚಿಯಾ ಇದ್ದರೆ 1 ಲಕ್ಷಕ್ಕಿಂತ ಕೆಳಗೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಪಿಆರ್‌ಪಿಯಲ್ಲಿ ಹತ್ತು ಲಕ್ಷದ ಆಸುಪಾಸು ಇರಬೇಕು ಅಂತ ಲೆಕ್ಕ. ಇರುವುದೇ 60 ಸಾವಿರ ಆದರೆ ಮೂರು ನಾಲ್ಕು ಪಟ್ಟು ಮಾಡಿದರೂ ಸಿಗುವುದು ಮಾಮೂಲಿ ರಕ್ತದಷ್ಟೇ. ದುಡ್ಡು ಕೊಟ್ಟು ಹಳದಿ ನೀರು ಹಚ್ಚಿಸಿಕೊಂಡು ಬಂದ ಹಾಗೆ ಆಗುತ್ತದೆ.

ಅಷ್ಟೇ ಅಲ್ಲ. ಪ್ಲೇಟ್‌ಲೆಟ್ ಕಡಿಮೆ ಇದ್ದ ನಾಯಿಗೆ ಹೊಲಿಗೆ ಹಾಕಿದರೆ ಒಳಗೆ ರಕ್ತ ಜಿನುಗುತ್ತಲೇ ಇರುತ್ತದೆ, ಚೀಲ ತುಂಬುತ್ತದೆ, ಹೊಲಿಗೆ ಬಿಡುತ್ತದೆ. ಕರಿಯನ ಹೊಲಿಗೆ ಬಿಟ್ಟದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ಮೂಗಲ್ಲಿ ರಕ್ತ, ಒಸಡಿನಲ್ಲಿ ಕೆಂಪು ಚುಕ್ಕೆ, ಜ್ವರ, ಸುಸ್ತು ಇದ್ದರೆ ಅನುಮಾನ ಸುಲಭ. ಆದರೆ ಎಷ್ಟೋ ನಾಯಿಗಳು ಈ ರೋಗ ಇಟ್ಟುಕೊಂಡೇ ತಿಂಗಳುಗಟ್ಟಲೆ ಬೊಗಳಿಕೊಂಡು, ಉಂಡುಕೊಂಡು ಇರುತ್ತವೆ. ಹಾಗಾಗಿ ಯಾವ ಚಿಕಿತ್ಸೆಗೂ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಿಷನ್ ಕೊಟ್ಟ ಸಂಖ್ಯೆಯನ್ನು ಮಾತ್ರ ನಂಬಬೇಡಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲೂ ನೋಡಲು ಹೇಳಿ. ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದ್ದರೆ ಮಿಷನ್ ಅದನ್ನು ಸುಮ್ನೆ ಕಡಿಮೆ ತೋರಿಸುತ್ತದೆ. ರೋಗ ಇದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ, ಸಾಮಾನ್ಯವಾಗಿ ನಾಲ್ಕು ವಾರ. ನಾಯಿ ಚುರುಕಾಯಿತು ಅಂತ ಎರಡನೇ ವಾರಕ್ಕೆ ನಿಲ್ಲಿಸಬೇಡಿ.

ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ, ಗಾಯವನ್ನೂ ಕೆರೆದು ಹಸನು ಮಾಡಿದ್ದಾರೆ, ಆದರೂ ಹತ್ತು ಹದಿನೈದು ದಿನದಲ್ಲಿ ಅಂಚು ಸರಿಯಲಿಲ್ಲ ಅಂದರೆ ಆಗ ಪಿಆರ್‌ಪಿ ಅಥವಾ ಪಿಆರ್‌ಎಫ್ ಕೇಳಿ. ಚರ್ಮ ಕಳೆದುಹೋಗಿ ಹೊಲಿಯಲು ಬರದ ದೊಡ್ಡ ಗಾಯ, ಚರ್ಮ ಕಸಿ ಮಾಡಬೇಕಾದ ಗಾಯ, ಇಂಥ ಕಡೆ ನಾನು ಇದರ ಪರ. ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ತೆರೆದ ಗಾಯ ಬೇಗ ತುಂಬಿದ್ದು ಕಂಡಿದೆ. ಸಂತಾನಹರಣದಂಥ ಶುದ್ಧ ಆಪರೇಷನ್ನಿನ ನೇರ ಹೊಲಿಗೆಗೆ ಇದನ್ನು ಹಚ್ಚುವುದು ಮಾತ್ರ ವ್ಯರ್ಥ. ಅದು ಹತ್ತು ಹದಿನಾಲ್ಕು ದಿನದಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಯಾರಾದರೂ ಅದಕ್ಕೂ ಪ್ಯಾಕೇಜ್ ಮಾಡಿ ಮಾರಿದರೆ ಬೇಡ ಅನ್ನಿ.

ಹೆಚ್ಚು ಹಾಕಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಕುದುರೆಯ ಮುಂಗಾಲಿನ ಕೆಳಭಾಗದ ಗಾಯಗಳಿಗೆ ಪಿಆರ್‌ಪಿ ಹಚ್ಚಿ ನೋಡಿದ ಪ್ರಯೋಗವೊಂದರಲ್ಲಿ ಮಾಂಸ ಅಗತ್ಯಕ್ಕಿಂತ ಜಾಸ್ತಿ ಉಬ್ಬಿ, ಚರ್ಮ ಮುಚ್ಚುವುದು ತಡವಾಯಿತು. ಕುದುರೆಯ ಕಾಲಿಗೆ ಮೊದಲೇ ಆ ಚಾಳಿ ಇದೆ. ಕೀವು ತುಂಬಿದ ಗಾಯಕ್ಕೂ ಇದು ಸಲ್ಲ. ಮೊದಲು ಸೋಂಕು ಹೋಗಬೇಕು.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗ ಇದೆ. ಗಾಯ ಹಸನು ಮಾಡಿಸಲು ಅಲ್ಲಿಗೇ ಹೋಗಿ. ಹೊರಡುವ ಮೊದಲು ಫೋನ್ ಮಾಡಿ, ರಕ್ತದ ಚಿಕಿತ್ಸೆ ಈಗ ಮಾಡುತ್ತಿದ್ದಾರಾ ಅಂತಲೂ ಕೇಳಿಕೊಳ್ಳಿ. ಹಿಂದಿನ ರಾತ್ರಿ ಊಟ ಹಾಕಬೇಡಿ, ಅರಿವಳಿಕೆ ಕೊಡಬೇಕಾಗಬಹುದು. ಈವರೆಗೆ ಕೊಟ್ಟ ಔಷಧಿಗಳ ಚೀಟಿ ಒಯ್ಯಿರಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಗಾಯ ನಿಂತಿದ್ದಕ್ಕೆ ಅದೂ ಕಾರಣ. ಆಸ್ಪಿರಿನ್ ಕೊಟ್ಟಿದ್ದರೆ ಅದು ಪ್ಲೇಟ್‌ಲೆಟ್‌ಗಳನ್ನೇ ಕೆಡಿಸಿರುತ್ತದೆ, ಪಿಆರ್‌ಪಿಗೆ ಕೆಲವು ದಿನ ಕಾಯಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಮಾಡುವುದು: ಒಂದು ಲೀಟರ್ ನೀರು ಕುದಿಸಿ, 9 ಗ್ರಾಂ ಉಪ್ಪು ಹಾಕಿ, ಆರಿದ ಮೇಲೆ ದಿನಕ್ಕೆ ಎರಡು ಸಲ ಗಾಯ ತೊಳೆಯಿರಿ. ಪೋವಿಡೋನ್ ಅಯೋಡಿನ್ ಹಾಕುವುದಾದರೆ ನೀರು ಬೆರೆಸಿ ತೆಳು ಚಹಾದ ಬಣ್ಣಕ್ಕೆ ತನ್ನಿ, ಬಾಟಲಿಯಿಂದ ನೇರವಾಗಿ ಸುರಿಯಬೇಡಿ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ದಿನಾ ಹಾಕಿದರೆ ಹೊಸದಾಗಿ ಹುಟ್ಟಿದ ಮಾಂಸವೂ ಸಾಯುತ್ತದೆ. ಸುಣ್ಣ, ಬೂದಿ, ಬ್ಯಾಟರಿ ಪುಡಿ ಯಾವುದೂ ಬೇಡ. ಜೇನುತುಪ್ಪದ ಡ್ರೆಸ್ಸಿಂಗ್ ಸೋಂಕಿನ ಗಾಯಕ್ಕೆ ನಿಜವಾಗಿಯೂ ಒಳ್ಳೆಯದು. ಆದರೆ ಗಾಯಕ್ಕೆಂದೇ ಕ್ರಿಮಿಶುದ್ಧ ಮಾಡಿದ ಜೇನು ಬೇರೆ ಸಿಗುತ್ತದೆ, ಅದನ್ನು ಡಾಕ್ಟರ ಹತ್ತಿರ ಕೇಳಿ. ಮನೆಯ ತುಡುವೆ ಜೇನನ್ನು ನೀವು ತಿನ್ನಿ.

ಮಳೆಗಾಲದಲ್ಲಿ ನೊಣವೇ ದೊಡ್ಡ ಶತ್ರು. ಗಾಯದ ಅಂಚಿಗೆ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳ ಒಳಗೆ ಇಳಿಯುತ್ತದೆ. ನೊಣ ಓಡಿಸುವ ಸ್ಪ್ರೇಯನ್ನು ಗಾಯದ ಸುತ್ತ ಹೊಡೆಯಿರಿ, ಒಳಗೆ ಬೇಡ. ಕರಿಯನನ್ನು ಕೊಟ್ಟಿಗೆಯ ದರಗಿನ ಮೇಲೆ ಮಲಗಿಸಬೇಡಿ, ಒಣಗಿದ ಗೋಣಿ ಹಾಸಿ ದಿನಾ ಬದಲಿಸಿ. ನೆಕ್ಕದಂತೆ ಕೊರಳಿಗೆ ಕೋನ್ ಬೇಕೇ ಬೇಕು. ಅಂಗಡಿಯದ್ದು ಸಿಗದಿದ್ದರೆ ದೊಡ್ಡ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಕೊರಳ ಸುತ್ತ ಬಾಗಿಸಿ ಹೊಲಿಯಿರಿ. ಚರ್ಮಕ್ಕೆ ತಾಗುವ ಅಂಚಿಗೆ ಬಟ್ಟೆ ಸುತ್ತಿ. ಮೂಗಿಗಿಂತ ಎರಡು ಬೆರಳು ಮುಂದಕ್ಕೆ ಇರಲಿ, ಇಲ್ಲದಿದ್ದರೆ ಬಗ್ಗಿ ನೆಕ್ಕಿಯೇ ನೆಕ್ಕುತ್ತಾನೆ.

ಇನ್ನು ಹಸು. ನಿಜ ಹೇಳಬೇಕೆಂದರೆ, ಕರಿಯನಿಗಿಂತ ಅದರ ಬಗ್ಗೆ ನನಗೆ ಜಾಸ್ತಿ ಚಿಂತೆ. ಹಸುವಿನ ರಕ್ತದಿಂದಲೂ ಪಿಆರ್‌ಪಿ ಮಾಡಬಹುದು. ಕೆಚ್ಚಲು ಬಾವಿಗೆ, ಗರ್ಭಕೋಶದ ತೊಂದರೆಗೆ ಹೊರದೇಶಗಳಲ್ಲಿ ಪ್ರಯೋಗ ಮಾಡಿದ್ದಾರೆ. ಆದರೆ ನಾಯಿಯ ಲೆಕ್ಕ ಹಸುವಿಗೆ ನಡೆಯುವುದಿಲ್ಲ. ಕುದುರೆಯ ರಕ್ತವನ್ನು ಟ್ಯೂಬಿನಲ್ಲಿ ಸುಮ್ನೆ ಇಟ್ಟರೂ ಒಂದು ಗಂಟೆಯಲ್ಲಿ ಕೆಂಪು ಕೆಳಗೆ ಕೂರುತ್ತದೆ. ಹಸುವಿನ ರಕ್ತ ಅಷ್ಟು ಹೊತ್ತಿನಲ್ಲಿ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಹಾಗಾಗಿ ತಿರುಗಿಸುವ ವೇಗ, ಸಮಯ ಎಲ್ಲ ಬೇರೆ.

ಆದರೆ ಈಗ ಅದು ಮುಖ್ಯ ಅಲ್ಲ. ಪೆಟ್ಟು ಬೀಳದೆ ಕೊಂಬು ತಾನಾಗಿ ಅಲ್ಲಾಡಲು ಶುರುವಾಗಿದ್ದರೆ ಕೊಂಬಿನ ಕ್ಯಾನ್ಸರ್ ಅನುಮಾನ ಬರುತ್ತದೆ. ಎತ್ತುಗಳಲ್ಲಿ ಇದು ಜಾಸ್ತಿ, ಹಸುಗಳಲ್ಲೂ ಬರುತ್ತದೆ. ತೆಗೆಸುವ ಮೊದಲು ಹಸು ತಲೆ ಒದರುತ್ತಿತ್ತಾ, ಕೊಂಬನ್ನು ಕಂಬಕ್ಕೆ ಉಜ್ಜುತ್ತಿತ್ತಾ, ಆ ಕಡೆಯ ಮೂಗಿನ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಬರುತ್ತಿತ್ತಾ, ನೆನಪು ಮಾಡಿಕೊಳ್ಳಿ. ಈಗ ಆ ಜಾಗದಲ್ಲಿ ಹೂಕೋಸಿನಂತೆ ಮಾಂಸ ಬೆಳೆಯುತ್ತಿದೆಯಾ, ಕೆಟ್ಟ ವಾಸನೆ ಇದೆಯಾ ನೋಡಿ. ಕ್ಯಾನ್ಸರ್ ಇದ್ದ ಜಾಗಕ್ಕೆ ಬೆಳವಣಿಗೆಯ ಪ್ರೋಟೀನ್ ಹಾಕುವುದು ಯಾವ ಕಾರಣಕ್ಕೂ ಕೂಡದು.

ಪೆಟ್ಟು ಬಿದ್ದೇ ಕೊಂಬು ಸಡಿಲ ಆಗಿದ್ದರೆ ವಿಷಯ ಹಗುರ. ಬೆಳೆದ ಹಸುವಿನ ಕೊಂಬಿನ ಒಳಗೆ ಟೊಳ್ಳು ಇದೆ, ಅದು ತಲೆಬುರುಡೆಯ ಗಾಳಿಗೂಡಿಗೆ ಸೇರುತ್ತದೆ. ಕೊಂಬು ತೆಗೆದಾಗ ಆ ಬಾಯಿ ತೆರೆದಿರುತ್ತದೆ. ಮಳೆ ನೀರು, ಹುಲ್ಲಿನ ಚೂರು ಒಳಗೆ ಬಿದ್ದು ಕೀವಾದರೆ ಒಣಗುವುದೇ ಇಲ್ಲ. ತೊಳೆದು, ಆಂಟಿಬಯಾಟಿಕ್ ಕೊಟ್ಟು, ಬಾಯಿ ಮುಚ್ಚಿ ಕಟ್ಟಿದರೆ ಸರಿಹೋಗುತ್ತದೆ.

ಎರಡರಲ್ಲಿ ಯಾವುದು ಅಂತ ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಹಸುವನ್ನು ಗಾಡಿ ಹತ್ತಿಸುವುದು ಕಷ್ಟವಾದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸಿನ ಡಾಕ್ಟರು ಮನೆಗೇ ಬರುತ್ತಾರೆ. ಗಾಯದ ಅಂಚಿನಿಂದ ಒಂದು ಸಣ್ಣ ತುಣುಕು ತೆಗೆದು, ಅದರ ಹತ್ತು ಪಟ್ಟು ಫಾರ್ಮಾಲಿನ್‌ನಲ್ಲಿ ಹಾಕಿ ಪರೀಕ್ಷೆಗೆ ಕಳಿಸಲು ಅವರಿಗೆ ಹೇಳಿ. ಈ ವಾರವೇ ಮಾಡಿಸಿ.